ಹತ್ತೊಂಬತ್ತಕ್ಕೇ ಸತ್ತ ಹುಡುಗಿ ಆರುನೂರು ವರ್ಷ ಹೇಗೆ ಉಳಿದಳು? (ಜೋನ್ ಆಫ್ ಆರ್ಕ್)

ಪ್ರಶ್ನೆ: ಕಾಫಿತೋಟದ ತಾಯಿ, ಸಿದ್ದಾಪುರ

ಎಲ್ಲರಿಗೂ ನಮಸ್ಕಾರ. ಮಗಳು ಪ್ರಥಮ ಪಿಯುಸಿ ಓದುತ್ತಿದ್ದಾಳೆ. ಕಾಲೇಜಿನ ಭಾಷಣ ಸ್ಪರ್ಧೆಗೆ ‘ಇತಿಹಾಸದಲ್ಲಿ ಉಳಿದ ಹೆಣ್ಣುಮಕ್ಕಳು’ ಎಂಬ ವಿಷಯ ಕೊಟ್ಟಿದ್ದಾರೆ. ಕಿತ್ತೂರು ಚೆನ್ನಮ್ಮ, ರಾಣಿ ಅಬ್ಬಕ್ಕ, ಓಬವ್ವ ಇವರ ಬಗ್ಗೆ ಉಳಿದವರೆಲ್ಲ ಮಾತನಾಡುತ್ತಾರೆ, ನಾನು ಜೋನ್ ಆಫ್ ಆರ್ಕ್ ಬಗ್ಗೆ ಮಾತನಾಡುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಏಳು ನಿಮಿಷದ ಭಾಷಣ.

ಈಗ ಕಾಫಿ ಕೊಯ್ಲು ನಡೆಯುತ್ತಿದೆ. ರಾತ್ರಿ ನಾನು ಕೂಲಿ ಲೆಕ್ಕ ಬರೆಯುವಾಗ ಅವಳೂ ಪಕ್ಕದಲ್ಲಿ ಕುಳಿತು ಟಿಪ್ಪಣಿ ಮಾಡಿಕೊಳ್ಳುತ್ತಾಳೆ. ನಿನ್ನೆ ಪೆನ್ನು ಕೆಳಗಿಟ್ಟು ಕೇಳಿದಳು: “ಅಮ್ಮ, 1429ರ ಮೇ ತಿಂಗಳಲ್ಲಿ ಇವಳು ಫ್ರಾನ್ಸಿನ ಓರ್ಲಿಯಾನ್ ನಗರವನ್ನು ಇಂಗ್ಲಿಷರ ಮುತ್ತಿಗೆಯಿಂದ ಬಿಡಿಸಿದಳು. 1430ರ ಮೇ ತಿಂಗಳಲ್ಲಿ ಸೆರೆ ಸಿಕ್ಕಳು. 1431ರ ಮೇ ತಿಂಗಳಲ್ಲಿ ಸುಟ್ಟುಬಿಟ್ಟರು. ಯುದ್ಧ ಮಾಡಿದ್ದು ಒಂದೇ ವರ್ಷ. ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವಿನ ಆ ನೂರು ವರ್ಷಗಳ ಯುದ್ಧ ಮುಗಿದದ್ದು 1453ರಲ್ಲಿ. ಅದನ್ನು ಮುಗಿಸಿದ ಸೇನಾಪತಿಗಳ ಹೆಸರು ಯಾರಿಗೂ ಗೊತ್ತಿಲ್ಲ. ಸೋತು ಸತ್ತವಳ ಹೆಸರು ಮಾತ್ರ ಸಿದ್ದಾಪುರದವರೆಗೆ ಹೇಗೆ ಬಂತು?”

ನನಗೆ ಉತ್ತರ ಹೊಳೆಯಲಿಲ್ಲ. ಅವಳ ಉಪನ್ಯಾಸಕರೊಬ್ಬರು “ಚರ್ಚು ಸಂತಳನ್ನಾಗಿ ಮಾಡಿತು, ಆದ್ದರಿಂದ ಹೆಸರು ಉಳಿಯಿತು” ಎಂದರಂತೆ. ಮಗಳಿಗೆ ಅದು ಸಮಾಧಾನವಾಗಿಲ್ಲ. ಪವಾಡಗಳ ಕಥೆಯನ್ನೇ ಹೇಳಿ ಮುಗಿಸುವುದು ಅವಳಿಗೆ ಇಷ್ಟವಿಲ್ಲ. ತಿಳಿದವರು ದಯವಿಟ್ಟು ಬಿಡಿಸಿ ಹೇಳಿ. ತಾರೀಖು, ಹೆಸರು ಸಮೇತ ಹೇಳಿದರೆ ಅವಳಿಗೆ ಅನುಕೂಲ.

ಉತ್ತರ: ಮಾಜಿ ಸುಬೇದಾರ, ಪೊನ್ನಂಪೇಟೆ

ಮಗಳ ಪ್ರಶ್ನೆ ಚೆನ್ನಾಗಿದೆ. ಸೇನೆಯಲ್ಲಿದ್ದವನಾಗಿ ನನಗೆ ತಿಳಿದಷ್ಟು ಹೇಳುತ್ತೇನೆ.

ಓರ್ಲಿಯಾನ್‌ಗೆ ಇಂಗ್ಲಿಷರು ಮುತ್ತಿಗೆ ಹಾಕಿದ್ದು 1428ರ ಅಕ್ಟೋಬರ್‌ನಲ್ಲಿ. ಲ್ವಾರ್ ನದಿಯ ಸೇತುವೆಯ ದಕ್ಷಿಣ ತುದಿಯ ಕೋಟೆ ‘ತೂರೆಲ್’ ಅವರ ಕೈಯಲ್ಲಿತ್ತು. ಊರಿನ ಸುತ್ತ ಒಂದೊಂದಾಗಿ ಠಾಣೆ ಕಟ್ಟುತ್ತಾ ಬಂದರು. ಏಳು ತಿಂಗಳು ಹೀಗೇ ನಡೆಯಿತು. ಜೋನ್ ಧಾನ್ಯದ ಸರಬರಾಜಿನೊಂದಿಗೆ ಊರೊಳಗೆ ಬಂದದ್ದು 1429ರ ಏಪ್ರಿಲ್ 29ರ ರಾತ್ರಿ. ಮೇ 4ಕ್ಕೆ ಸೇಂಟ್ ಲೂ ಠಾಣೆ ಬಿತ್ತು. 6ಕ್ಕೆ ಅಗಸ್ಟೀನಿಯನ್ನರ ಮಠದ ಠಾಣೆ ಬಿತ್ತು. 7ಕ್ಕೆ ತೂರೆಲ್. 8ರ ಭಾನುವಾರ ಇಂಗ್ಲಿಷರು ಬಯಲಲ್ಲಿ ಸಾಲುಗಟ್ಟಿ ನಿಂತು, ಆಮೇಲೆ ಹಿಂದೆಗೆದರು. ಭಾನುವಾರವಾದ್ದರಿಂದ ಬೆನ್ನಟ್ಟಬೇಡಿ ಎಂದು ಅವಳೇ ತಡೆದಳು.

7ನೇ ತಾರೀಖಿನದು ಗಮನಿಸಬೇಕಾದ ದಿನ. ಕುತ್ತಿಗೆ ಮತ್ತು ಭುಜದ ನಡುವೆ ಅವಳಿಗೆ ಬಾಣ ನಾಟಿತು. ಸಂಜೆಯ ಹೊತ್ತಿಗೆ ಸೇನೆಯ ಮುಖ್ಯಸ್ಥ ದ್ಯುನ್ವಾ, ಇಂದಿಗೆ ಸಾಕು, ಹಿಂದಕ್ಕೆ ಹೋಗೋಣ ಎಂದ. ಸ್ವಲ್ಪ ತಾಳಿ ಎಂದು ಹೇಳಿ ಅವಳು ದ್ರಾಕ್ಷಿ ತೋಟಕ್ಕೆ ಹೋಗಿ ತುಸು ಹೊತ್ತು ಪ್ರಾರ್ಥಿಸಿ ಬಂದಳು. ಬಂದವಳೇ ಬಾವುಟ ಹಿಡಿದು ಕಂದಕದ ಅಂಚಿಗೆ ನಿಂತಳು. ಕೋಟೆ ಅಂದೇ ಬಿತ್ತು. ಇದನ್ನೆಲ್ಲ ಮುಂದೆ ಪ್ರಮಾಣ ಮಾಡಿ ಹೇಳಿದವನು ಅದೇ ದ್ಯುನ್ವಾ. ಅವನು ಇನ್ನೊಂದು ಮಾತೂ ಹೇಳಿದ್ದಾನೆ: ಅದಕ್ಕೂ ಮೊದಲು ಇನ್ನೂರು ಇಂಗ್ಲಿಷರು ನಮ್ಮ ಎಂಟುನೂರು, ಸಾವಿರ ಜನರನ್ನು ಓಡಿಸುತ್ತಿದ್ದರು, ಅವಳು ಬಂದ ಮೇಲೆ ನಮ್ಮ ನಾಲ್ಕೈದು ನೂರು ಜನ ಇಂಗ್ಲಿಷರ ಇಡೀ ಬಲದ ಎದುರು ನಿಲ್ಲುವಂತಾಯಿತು. ಸೈನಿಕನಾದವನಿಗೆ ಇದಕ್ಕಿಂತ ದೊಡ್ಡ ಪ್ರಮಾಣಪತ್ರ ಇಲ್ಲ. ಎದೆಗುಂದಿದ ಪಡೆಯನ್ನು ಎಬ್ಬಿಸಿ ನಿಲ್ಲಿಸುವುದು ತರಬೇತಿಯಿಂದ ಬರುವ ವಿದ್ಯೆಯಲ್ಲ.

ಬರೀ ಪ್ರಾರ್ಥನೆ ಮಾಡಿ ಗೆದ್ದಳು ಎಂದು ಮಗಳು ಹೇಳದಿರಲಿ. ಫಿರಂಗಿಗಳನ್ನು ಎಲ್ಲಿ ನಿಲ್ಲಿಸಬೇಕು ಎಂಬುದರಲ್ಲಿ ಅವಳದು ಎತ್ತಿದ ಕೈ ಎಂದು ಅಲಾನ್ಸೋನ್‌ನ ಡ್ಯೂಕ್ ಸಾಕ್ಷಿ ಹೇಳಿದ್ದಾನೆ. 1429ರ ನವೆಂಬರ್ 9ರಂದು ರಿಯೋಮ್ ಊರಿನವರಿಗೆ ಅವಳು ಬರೆಸಿದ ಪತ್ರ ಉಳಿದಿದೆ. ಅದರಲ್ಲಿ ಕೇಳಿರುವುದು ಮದ್ದಿನ ಪುಡಿ, ಪೆಟ್ಲುಪ್ಪು, ಗಂಧಕ, ಬಾಣ, ಗಟ್ಟಿಮುಟ್ಟಾದ ಅಡ್ಡಬಿಲ್ಲು. ಮುಂದಿನ ಮುತ್ತಿಗೆಗೆ ಏನು ಬೇಕೆಂದು ತಿಳಿದವರು ಬರೆಯುವ ಪತ್ರ ಅದು. ಕೆಳಗೆ ಅವಳ ಸಹಿ ಇದೆ.

ನನ್ನ ಅಭಿಪ್ರಾಯದಲ್ಲಿ ಹೆಸರು ಉಳಿದದ್ದು ಓರ್ಲಿಯಾನ್‌ನಿಂದ.

ಉತ್ತರ: ನಿವೃತ್ತ ಇತಿಹಾಸ ಅಧ್ಯಾಪಕಿ, ವಿರಾಜಪೇಟೆ

ಸುಬೇದಾರರು ಬರೆದದ್ದು ಅಕ್ಷರಶಃ ಸರಿ. ಆದರೆ ಅವರ ಕೊನೆಯ ಸಾಲನ್ನು ನಾನು ಒಪ್ಪುವುದಿಲ್ಲ. ಗೆಲುವು ಹೆಸರನ್ನು ಉಳಿಸುವುದಾದರೆ ಆ ಯುದ್ಧವನ್ನು ಕೊನೆಗಾಣಿಸಿದ ಸೇನಾಪತಿಗಳ ಹೆಸರನ್ನು ಸಿದ್ದಾಪುರದ ಮಗು ಹೇಳಬೇಕಿತ್ತು.

ಇತಿಹಾಸ ಪಾಠ ಮಾಡುವಾಗ ಈ ಹುಡುಗಿಯ ಮುಂದೆ ಬಂದು ನಿಂತಾಗಲೆಲ್ಲ ನನಗೆ ಪಾಠ ಮುಂದಕ್ಕೆ ಸಾಗುತ್ತಿರಲಿಲ್ಲ. ಅದಕ್ಕೆ ಕಾರಣ ಓರ್ಲಿಯಾನ್ ಅಲ್ಲ, ರುವಾನ್. ಅವಳನ್ನು ವಿಚಾರಣೆ ಮಾಡಿ ಕೊಂದ ಊರು. ಮಗಳ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ: ಅವಳನ್ನು ಅಳಿಸಲೆಂದು ಕುಳಿತವರೇ ಅವಳ ಮಾತನ್ನು ಬರೆದಿಟ್ಟರು. ಆ ಬರಹ ಉಳಿಯಿತು. ಅದಕ್ಕಾಗಿಯೇ ಅವಳು ಉಳಿದಳು.

ನಡೆದದ್ದನ್ನು ಹೇಳುತ್ತೇನೆ. 1430ರ ಮೇ 23ರಂದು ಕಾಂಪಿಯೆನ್ ಊರಿನ ಹೊರಗೆ, ಇಂಗ್ಲಿಷರ ಪಕ್ಷದಲ್ಲಿದ್ದ ಬರ್ಗಂಡಿಯವರು ಅವಳನ್ನು ಹಿಡಿದರು. ಹತ್ತು ಸಾವಿರ ಲೀವ್ರ್ ಹಣಕ್ಕೆ ಇಂಗ್ಲಿಷರಿಗೆ ಮಾರಿದರು. ಅವಳಿಂದಲೇ ರೀಮ್ಸ್‌ನಲ್ಲಿ 1429ರ ಜುಲೈ 17ರಂದು ಪಟ್ಟಾಭಿಷೇಕ ಮಾಡಿಸಿಕೊಂಡ ಫ್ರಾನ್ಸಿನ ದೊರೆ ಏಳನೆಯ ಚಾರ್ಲ್ಸ್ ಅವಳನ್ನು ಬಿಡಿಸಿಕೊಳ್ಳಲಿಲ್ಲ. ಇದನ್ನು ಮಗಳು ಧೈರ್ಯವಾಗಿ ಹೇಳಲಿ. ಆ ದೊರೆಯನ್ನು ಕಾಪಾಡುವ ಹೊಣೆ ನಮಗಿಲ್ಲ.

ಇಂಗ್ಲಿಷರು ಅವಳನ್ನು ಸುಮ್ಮನೆ ಕೊಲ್ಲಬಹುದಿತ್ತು. ಹಾಗೆ ಮಾಡಲಿಲ್ಲ. ಅವಳು ದೇವರ ಕಡೆಯವಳಲ್ಲ ಎಂದು ಸಾಬೀತಾದರೆ ಅವಳು ಮಾಡಿಸಿದ ಪಟ್ಟಾಭಿಷೇಕವೂ ಬಿದ್ದುಹೋಗುತ್ತದೆ. ಅದಕ್ಕೆ ಧರ್ಮನ್ಯಾಯಾಲಯ ಬೇಕಿತ್ತು. ಬೋವೆಯ ಬಿಷಪ್ ಪಿಯೆರ್ ಕೋಶೋನ್ ಮುಖ್ಯ ನ್ಯಾಯಾಧೀಶನಾದ. ಪ್ಯಾರಿಸ್ ವಿಶ್ವವಿದ್ಯಾಲಯದ ಪಂಡಿತರು ಬಂದು ಕುಳಿತರು. ನ್ಯಾಯಾಲಯ ಎಂದ ಮೇಲೆ ದಾಖಲೆ ಬೇಕು. ಗಿಯೋಮ್ ಮಾಂಶೋನ್ ಮತ್ತು ಅವನ ಸಂಗಡಿಗರು ಬೆಳಿಗ್ಗೆ ಕೇಳಿದ ಪ್ರಶ್ನೆ, ಅವಳು ಕೊಟ್ಟ ಉತ್ತರ ಎಲ್ಲವನ್ನೂ ಬರೆದುಕೊಳ್ಳುತ್ತಿದ್ದರು. ಮಧ್ಯಾಹ್ನ ಒಂದಕ್ಕೊಂದು ತಾಳೆ ನೋಡುತ್ತಿದ್ದರು. ಕೆಲವು ಉತ್ತರಗಳನ್ನು ಬೇರೆ ರೀತಿ ಬರೆ ಎಂದು ತನ್ನ ಮೇಲೆ ಒತ್ತಡ ಬಂತು, ತಾನು ಬಗ್ಗಲಿಲ್ಲ ಎಂದು ಮಾಂಶೋನ್ ಮುಂದೆ ಸಾಕ್ಷಿ ಹೇಳಿದ್ದಾನೆ. ದಾಖಲೆಯನ್ನು ಆಮೇಲೆ ಲ್ಯಾಟಿನ್‌ಗೆ ತಿರುಗಿಸಿ ಐದು ಪ್ರತಿ ಮಾಡಿದರು. ಅವುಗಳಲ್ಲಿ ಮೂರು ಇಂದಿಗೂ ಇವೆ.

ಈಗ ಆ ದಾಖಲೆಯೊಳಗೆ ಬನ್ನಿ. 1431ರ ಫೆಬ್ರವರಿ 24. ಓದು ಬರಹ ಬಾರದ ಹತ್ತೊಂಬತ್ತರ ಹಳ್ಳಿ ಹುಡುಗಿ, ಸುತ್ತಲೂ ಹತ್ತಾರು ಪಂಡಿತರು, ಅವಳ ಪರವಾಗಿ ಮಾತನಾಡಲು ವಕೀಲರಿಲ್ಲ. “ದೇವರ ಕೃಪೆ ನಿನ್ನ ಮೇಲಿದೆ ಎಂದು ನಿನಗೆ ಗೊತ್ತೇ?” ಎಂದು ಕೇಳುತ್ತಾರೆ. ಈ ಪ್ರಶ್ನೆಯ ಗುಂಡಿ ಎಷ್ಟು ಆಳದ್ದು ನೋಡಿ. ‘ಇದೆ’ ಎಂದರೆ ಧರ್ಮದ್ರೋಹ, ಏಕೆಂದರೆ ಅದನ್ನು ಖಚಿತವಾಗಿ ಬಲ್ಲೆ ಎಂದು ಯಾವ ಮನುಷ್ಯನೂ ಹೇಳುವಂತಿಲ್ಲ ಎಂಬುದು ಚರ್ಚಿನ ಬೋಧನೆ. ‘ಇಲ್ಲ’ ಎಂದರೆ ಪಾಪಿ ಎಂದು ತಾನೇ ಒಪ್ಪಿಕೊಂಡಂತೆ. ಅವಳು ಹೇಳಿದಳು: “ಇಲ್ಲದಿದ್ದರೆ ದೇವರು ನನ್ನನ್ನು ಅದರಲ್ಲಿ ಇರಿಸಲಿ, ಇದ್ದರೆ ದೇವರು ನನ್ನನ್ನು ಅದರಲ್ಲೇ ಉಳಿಸಲಿ.” ಕೇಳಿದವರು ದಂಗಾದರು ಎಂದು ಅಲ್ಲೇ ಕುಳಿತು ಬರೆದುಕೊಳ್ಳುತ್ತಿದ್ದ ಇನ್ನೊಬ್ಬ ಬರಹಗಾರ ಮುಂದೆ ಹೇಳಿದ್ದಾನೆ.

ಸಂತ ಮೈಕೇಲರು ನಿನಗೆ ಕಾಣಿಸಿಕೊಂಡಾಗ ಬೆತ್ತಲೆಯಾಗಿದ್ದರೇ ಎಂದು ಕೇಳಿದರೆ, “ಅವರಿಗೆ ಉಡಿಸಲು ದೇವರ ಬಳಿ ಬಟ್ಟೆ ಇಲ್ಲವೆಂದುಕೊಂಡಿರಾ?” ಎನ್ನುತ್ತಾಳೆ. ಸಂತ ಮಾರ್ಗರೆಟ್ ಇಂಗ್ಲಿಷ್ ಮಾತನಾಡುತ್ತಾಳೆಯೇ ಎಂದರೆ, “ಅವಳು ಇಂಗ್ಲಿಷರ ಪಕ್ಷದವಳೇ ಅಲ್ಲವಲ್ಲ, ಇಂಗ್ಲಿಷ್ ಏಕೆ ಮಾತನಾಡುತ್ತಾಳೆ?” ಚಿಕ್ಕಂದಿನಲ್ಲಿ ಏನು ಕೆಲಸ ಕಲಿತೆ ಎಂದರೆ, ಹೊಲಿಗೆಯಲ್ಲಿ, ನೂಲುವುದರಲ್ಲಿ ರುವಾನ್‌ನ ಯಾವ ಹೆಂಗಸಿಗೂ ತಾನು ಹೆದರುವುದಿಲ್ಲ ಎನ್ನುತ್ತಾಳೆ. ಬಾವುಟ ಇಷ್ಟವೋ ಕತ್ತಿ ಇಷ್ಟವೋ ಎಂದರೆ, ಕತ್ತಿಗಿಂತ ಬಾವುಟವೇ ನಲವತ್ತು ಪಾಲು ಇಷ್ಟ. ಯಾರನ್ನೂ ಕೊಲ್ಲಬಾರದೆಂದೇ ಅದನ್ನು ನಾನು ಹಿಡಿಯುತ್ತಿದ್ದೆ, ಯಾರನ್ನೂ ಕೊಂದಿಲ್ಲ ಎನ್ನುತ್ತಾಳೆ.

ಈ ಹುಡುಗಿಯನ್ನು ಹತ್ತಿರದಿಂದ ಕೇಳಿದಂತೆ ಅನಿಸುವುದಿಲ್ಲವೇ? ಆ ಕಾಲದ ಎಷ್ಟೋ ರಾಜರ ಒಂದೇ ಒಂದು ಸ್ವಂತ ಮಾತು ನಮ್ಮ ಕೈಯಲ್ಲಿಲ್ಲ. ರೈತನ ಮಗಳೊಬ್ಬಳ ಬಾಯಿಯ ಮಾತು ದಿನದಿನದ ಲೆಕ್ಕದಲ್ಲಿ ಉಳಿದಿದೆ. ನಮ್ಮ ಐನ್‌ಮನೆಯಲ್ಲಿ, ಅಂದರೆ ಕುಲದ ಮೂಲ ಮನೆಯಲ್ಲಿ, ಪ್ರತಿವರ್ಷ ಕಾರಣವರಿಗೆ, ತೀರಿಹೋದ ಹಿರಿಯರಿಗೆ, ಎಡೆ ಇಡುತ್ತೇವೆ. ಕುಲದ ಮೂಲಪುರುಷ ಗುರುಕಾರಣನ ಹೆಸರು ಗೊತ್ತು, ಅವನು ಯಾವ ಗದ್ದೆ ಮಾಡಿದ ಎಂಬುದೂ ಗೊತ್ತು. ಆದರೆ ಅವನು ಆಡಿದ ಒಂದು ವಾಕ್ಯ ನಮಗೆ ಸಿಕ್ಕಿಲ್ಲ. ಅವನ ಹೆಂಡತಿಯ ಹೆಸರೂ ಸಿಕ್ಕಿಲ್ಲ. ಅದನ್ನು ಯೋಚಿಸಿದಾಗಲೆಲ್ಲ ರುವಾನ್‌ನ ಆ ಕಾಗದ ಎಂಥ ಅಪರೂಪದ್ದು ಎಂದು ನನಗೆ ಮತ್ತೆ ಮತ್ತೆ ಅನಿಸುತ್ತದೆ.

ಅತ್ಯಂತ ನೋವಿನ ಪುಟ ಮೇ 28ರದು. ನಾಲ್ಕು ದಿನ ಮೊದಲು ಸೇಂಟ್ ಊಆನ್ ಸ್ಮಶಾನದಲ್ಲಿ, ಜನರ ಎದುರು, ಬೆಂಕಿಯ ಭಯದಲ್ಲಿ ಅವಳು ತಪ್ಪೊಪ್ಪಿಗೆಗೆ ಗುರುತು ಹಾಕಿದ್ದಳು. ಬಿಡುತ್ತೇನೆಂದು ಒಪ್ಪಿದ್ದ ಗಂಡುಡುಗೆಯನ್ನು ಸೆರೆಮನೆಯಲ್ಲಿ ಮತ್ತೆ ತೊಟ್ಟಳು. ನ್ಯಾಯಾಧೀಶರು ಬಂದು, ತನಗೆ ಕೇಳಿಸುತ್ತವೆ ಎಂದು ಅವಳು ಹೇಳುತ್ತಿದ್ದ ಸಂತರ ಧ್ವನಿಗಳು ಮತ್ತೆ ಕೇಳಿದವೇ ಎಂದರು. ಕೇಳಿದವು, ಪ್ರಾಣ ಉಳಿಸಿಕೊಳ್ಳಲು ನಾನು ಮಾಡಿದ್ದು ದ್ರೋಹ ಎಂದು ದೇವರು ಅವರ ಮೂಲಕ ತಿಳಿಸಿದರು ಎಂದಳು. ಆ ಉತ್ತರದ ಪಕ್ಕದ ಅಂಚಿನಲ್ಲಿ ಬರಹಗಾರ ಲ್ಯಾಟಿನ್‌ನಲ್ಲಿ ಎರಡೇ ಪದ ಬರೆದಿದ್ದಾನೆ: ‘ಸಾವಿನ ಉತ್ತರ’. ಅವನಿಗೆ ಗೊತ್ತಿತ್ತು. ಮೇ 30ರಂದು ಹಳೆಯ ಸಂತೆ ಚೌಕದಲ್ಲಿ ಅವಳನ್ನು ಸುಟ್ಟರು. ಬೂದಿಯನ್ನು ಸೇನ್ ನದಿಗೆ ಎಸೆದರು. ತಾನು ಆಮೇಲೆ ಒಂದು ತಿಂಗಳು ಅತ್ತೆ, ವಿಚಾರಣೆಗೆ ಸಿಕ್ಕ ಸಂಬಳದ ಒಂದು ಪಾಲಿನಲ್ಲಿ ಪೂಜೆಯ ಪುಸ್ತಕವೊಂದನ್ನು ಕೊಂಡು ಅವಳಿಗಾಗಿ ಪ್ರಾರ್ಥಿಸಿದೆ ಎಂದು ಮಾಂಶೋನ್ ಹೇಳಿದ್ದಾನೆ.

ಇನ್ನು ಅವಳ ತಾಯಿ. ಇವರಿಲ್ಲದೆ ಈ ಭಾಷಣ ಪೂರ್ತಿಯಾಗದು. ಇಸಬೆಲ್ ರೋಮೆ. ಗಂಡ ತೀರಿದ ಮೇಲೆ ಓರ್ಲಿಯಾನ್‌ಗೆ ಬಂದರು. ಊರಿನವರೇ ಅವರಿಗೆ ಜೀವನಾಂಶ ಕೊಟ್ಟು ನೋಡಿಕೊಂಡರು. 1455ರ ನವೆಂಬರ್ 7ರಂದು ಆ ಮುದುಕಿ ಪ್ಯಾರಿಸ್‌ನ ನೋತ್ರ್ ದಾಮ್ ಚರ್ಚಿಗೆ ಹೋಗಿ, ಪೋಪರ ಪ್ರತಿನಿಧಿಗಳ ಮುಂದೆ ನಿಂತು, ಮಗಳಿಗೆ ನ್ಯಾಯ ಬೇಕು ಎಂದು ಮನವಿ ಓದಿಸಿದರು. ಚಾರ್ಲ್ಸ್‌ಗೂ ಇದು ಬೇಕಿತ್ತು ನಿಜ. ಧರ್ಮದ್ರೋಹಿಯ ಕೈಯಿಂದ ಕಿರೀಟ ಪಡೆದ ಕಳಂಕ ತೊಳೆದುಕೊಳ್ಳಬೇಕಿತ್ತು, 1450ರಲ್ಲೇ ಅವನು ತನಿಖೆ ಆರಂಭಿಸಿದ್ದ. ಆದರೆ ಮನವಿ ಹಿಡಿದು ನಿಂತವರು ತಾಯಿ. ನೂರಕ್ಕೂ ಹೆಚ್ಚು ಸಾಕ್ಷಿಗಳನ್ನು ಕೇಳಿದರು. 1456ರ ಜುಲೈ 7ರಂದು ಹಳೆಯ ತೀರ್ಪನ್ನು ರದ್ದು ಮಾಡಿದರು. ಇಸಬೆಲ್ ತೀರಿಕೊಂಡದ್ದು 1458ರಲ್ಲಿ.

ಆ ಎರಡನೆಯ ವಿಚಾರಣೆಯೂ ದಾಖಲೆಯೇ. ದ್ಯುನ್ವಾನ ಮಾತು ಸುಬೇದಾರರಿಗೆ ಸಿಕ್ಕಿದ್ದು ಅದರಿಂದಲೇ. ಅವಳು ಹುಟ್ಟಿದ ಡೊಮ್ರೆಮಿ ಹಳ್ಳಿಯ ಚರ್ಚಿನ ಗಂಟೆ ಬಾರಿಸುವವನೂ ಅಲ್ಲಿ ಸಾಕ್ಷಿ ಹೇಳಿದ್ದಾನೆ: ಸಂಜೆಯ ಪ್ರಾರ್ಥನೆಗೆ ಗಂಟೆ ಬಾರಿಸಲು ತಾನು ಮರೆತರೆ ಆ ಹುಡುಗಿ ಬೈಯುತ್ತಿದ್ದಳು, ಸರಿಯಾಗಿ ಬಾರಿಸಿದರೆ ಏನಾದರೂ ಕೊಡುತ್ತೇನೆ ಎಂದು ಆಸೆ ತೋರಿಸುತ್ತಿದ್ದಳು. ಸಂತಳಾಗುವ ಮೊದಲು, ಸೇನಾನಿಯಾಗುವ ಮೊದಲು ಅವಳು ಹೀಗಿದ್ದಳು. ನನಗೆ ಈ ಸಾಕ್ಷಿ ಪಟ್ಟಾಭಿಷೇಕಕ್ಕಿಂತ ಹೆಚ್ಚು.

ಊರಿನ ಮಾತು ಬಂದಾಗ ಇನ್ನೊಂದು ಹೇಳಿಬಿಡುತ್ತೇನೆ. ಪಟ್ಟಾಭಿಷೇಕವಾದ ಎರಡು ವಾರಕ್ಕೆ, 1429ರ ಜುಲೈ 31ರಂದು, ಅವಳ ಕೋರಿಕೆಯಂತೆ ಡೊಮ್ರೆಮಿಗೂ ಪಕ್ಕದ ಗ್ರೂ ಹಳ್ಳಿಗೂ ಚಾರ್ಲ್ಸ್ ಕಂದಾಯ ಮನ್ನಾ ಮಾಡಿದ. ಕಂದಾಯದ ಪುಸ್ತಕದಲ್ಲಿ ಆ ಊರುಗಳ ಮುಂದೆ ‘ಏನೂ ಇಲ್ಲ, ಕನ್ಯೆಯ ಸಲುವಾಗಿ’ ಎಂದು ಬರೆಯುತ್ತಿದ್ದರು. ಫ್ರೆಂಚ್ ಕ್ರಾಂತಿಯ ಕಾಲದವರೆಗೂ ಆ ವಿನಾಯಿತಿ ನಡೆಯಿತು. ದಂಡಿನ ಸೇವೆಗೆ ಪ್ರತಿಯಾಗಿ ಕಡಿಮೆ ಕಂದಾಯಕ್ಕೆ ಸಿಕ್ಕ ಜಮ್ಮಾ ಭೂಮಿ ಇರುವ ಕೊಡಗಿನ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಜ್ಜ ದೊರೆಗೆ ಮಾಡಿದ ದಂಡಿನ ಸೇವೆ ಮೊಮ್ಮಗನ ಕಂದಾಯದ ರಶೀದಿಯಲ್ಲಿ ಕಾಣುತ್ತದೆ, ಅದರಿಂದಲೇ ಮನೆಯಲ್ಲಿ ಅಜ್ಜನ ಮಾತು ಬರುತ್ತದೆ.

ಪ್ರತಿಕ್ರಿಯೆ: ಎಂಜಿನಿಯರಿಂಗ್ ವಿದ್ಯಾರ್ಥಿ, ಕುಶಾಲನಗರ

ಟೀಚರ್, ಗೌರವದಿಂದಲೇ ಕೇಳುತ್ತೇನೆ. ಹದಿಮೂರನೆಯ ವಯಸ್ಸಿನಿಂದ ಕಿವಿಯಲ್ಲಿ ಧ್ವನಿ ಕೇಳುತ್ತಿತ್ತು ಎಂದರೆ ಅದು ಕಾಯಿಲೆ ಅಲ್ಲವೇ? ಅಪಸ್ಮಾರ ಇರಬಹುದು ಎಂದು ಕೆಲವು ವೈದ್ಯರು ಬರೆದಿದ್ದಾರೆ. ಹಾಗಿದ್ದರೆ ಈ ಕೀರ್ತಿಗೆ ಅರ್ಥವೇನು?

ಉತ್ತರ: ನಿವೃತ್ತ ಇತಿಹಾಸ ಅಧ್ಯಾಪಕಿ, ವಿರಾಜಪೇಟೆ

ಕೇಳಿದ್ದು ಒಳ್ಳೆಯದಾಯಿತು ಮಗೂ. ಆರುನೂರು ವರ್ಷದ ಹಿಂದಿನ ರೋಗಿಯ ನಾಡಿ ಹಿಡಿಯಲು ಯಾವ ವೈದ್ಯರಿಗೂ ಸಾಧ್ಯವಿಲ್ಲ. ನಮ್ಮ ಕೈಯಲ್ಲಿರುವುದು ಅವಳ ಮಾತು ಮಾತ್ರ. ಬೇಸಿಗೆಯ ಮಧ್ಯಾಹ್ನ, ಅಪ್ಪನ ತೋಟದಲ್ಲಿ, ಚರ್ಚಿನ ಕಡೆಯಿಂದ ಮೊದಲ ಧ್ವನಿ ಕೇಳಿತು, ಹೆದರಿಕೆಯಾಯಿತು ಎಂದು ಅವಳೇ ಹೇಳಿದ್ದಾಳೆ. ಅದನ್ನು ದೇವರ ಧ್ವನಿ ಎಂದು ನಂಬುವವರು ನಂಬಲಿ, ನಂಬದವರು ಬಿಡಲಿ. ಆದರೆ ಆ ಉತ್ತರಗಳನ್ನು ಮತ್ತೊಮ್ಮೆ ಓದು. ಕಾಲಿಗೆ ಸರಪಳಿ, ಕಾವಲಿಗೆ ಇಂಗ್ಲಿಷ್ ಸಿಪಾಯಿಗಳು, ವಾರಗಟ್ಟಲೆ ಪ್ರಶ್ನೆ. ಆದರೂ ಮೊದಲು ಹೇಳಿದ್ದನ್ನು ನೆನಪಿಟ್ಟುಕೊಂಡು, ‘ಇದಕ್ಕೆ ಆಗಲೇ ಉತ್ತರ ಕೊಟ್ಟಿದ್ದೇನೆ, ನಿಮ್ಮ ಪುಸ್ತಕ ತೆಗೆದು ನೋಡಿ’ ಎನ್ನುವ ಬುದ್ಧಿ ಕಲಕಿದ ಬುದ್ಧಿಯಲ್ಲ. ಕೀರ್ತಿ ನಿಂತಿರುವುದು ಧ್ವನಿಯನ್ನು ಕೇಳಿಸಿಕೊಂಡದ್ದರ ಮೇಲಲ್ಲ. ಕೇಳಿಸಿಕೊಂಡೆ ಎಂದ ಮೇಲೆ ಆ ಮಾತಿನಿಂದ ಹಿಂದೆ ಸರಿಯದೆ ನಿಂತದ್ದರ ಮೇಲೆ. ಒಮ್ಮೆ ಸರಿದು ಮತ್ತೆ ಬಂದು ನಿಂತಳಲ್ಲ, ಅದು ನನಗೆ ಇನ್ನೂ ದೊಡ್ಡದು.

ಉತ್ತರ: ಮಡಿಕೇರಿಯ ಓದುಗ

ನಾನು ಮಡಿಕೇರಿಯ ಸಂತ ಮೈಕೇಲರ ಚರ್ಚಿಗೆ ಹೋಗುವವನು. ಜೋನ್‌ಗೆ ಮೊದಲು ಕಾಣಿಸಿಕೊಂಡವರು ಅದೇ ಮೈಕೇಲರು ಎಂಬ ಕಾರಣಕ್ಕೆ ಅವಳ ಬಗ್ಗೆ ಸ್ವಲ್ಪ ಓದಿಕೊಂಡಿದ್ದೇನೆ. ಚರ್ಚು ಸಂತಳನ್ನಾಗಿ ಮಾಡಿದ್ದರಿಂದ ಹೆಸರು ಬಂತು ಎಂಬ ಮಾತಿಗೆ ಉತ್ತರ ಬರೆಯಬೇಕೆನಿಸಿತು. ಕ್ರಮ ತಲೆಕೆಳಗಾಗಿದೆ. ನಮ್ಮ ಚರ್ಚು ಬಂದದ್ದು ಎಲ್ಲರಿಗಿಂತ ಕೊನೆಗೆ.

ಓರ್ಲಿಯಾನ್‌ನವರು ಮುತ್ತಿಗೆ ತೆರವಾದ ಕೆಲವೇ ವರ್ಷಗಳಲ್ಲಿ ಮೇ 8ರ ಮೆರವಣಿಗೆ ಆರಂಭಿಸಿದರು. ಕ್ರಾಂತಿಯ ಕಾಲದಲ್ಲಿ ಅದು ನಿಂತಿತು, 1803ರಲ್ಲಿ ನೆಪೋಲಿಯನ್ ಒಪ್ಪಿಗೆಯಿಂದ ಮತ್ತೆ ಶುರುವಾಯಿತು, ಇಂದಿಗೂ ನಡೆಯುತ್ತಿದೆ. 1841ರಿಂದ 1849ರವರೆಗೆ ಜೂಲ್ ಕಿಶೆರಾ ಎಂಬ ವಿದ್ವಾಂಸ ಎರಡೂ ವಿಚಾರಣೆಗಳ ದಾಖಲೆಯನ್ನು ಐದು ಸಂಪುಟಗಳಲ್ಲಿ ಅಚ್ಚು ಹಾಕಿಸಿದ. ಟೀಚರ್ ಹೇಳಿದ ಆ ಬರಹವನ್ನು ಜನ ಓದುವಂತಾದದ್ದು ಆಗ. ಇತಿಹಾಸಕಾರ ಮಿಶೆಲೆ ಅವಳನ್ನು ಜನಸಾಮಾನ್ಯರ ನಾಯಕಿ ಎಂದು ಎತ್ತಿ ಹಿಡಿದ. ಅಷ್ಟೆಲ್ಲ ಆದ ಮೇಲೆ, 1869ರಲ್ಲಿ, ಓರ್ಲಿಯಾನ್‌ನ ಬಿಷಪ್ ದ್ಯುಪಾನ್ಲೂ ಅವಳನ್ನು ಸಂತಳೆಂದು ಘೋಷಿಸಿ ಎಂದು ರೋಮ್‌ಗೆ ಮನವಿ ಕಳುಹಿಸಿದರು. 1909ರ ಏಪ್ರಿಲ್ 18ರಂದು ಧನ್ಯಳೆಂದೂ (ಸಂತ ಪದವಿಗೆ ಮುಂಚಿನ ಮೆಟ್ಟಿಲು) 1920ರ ಮೇ 16ರಂದು ಸಂತಳೆಂದೂ ಘೋಷಣೆಯಾಯಿತು. ಸುಟ್ಟು 489 ವರ್ಷಗಳ ನಂತರ. ಅದೂ ಹುತಾತ್ಮಳೆಂದಲ್ಲ, ಕನ್ಯೆ ಎಂಬ ವರ್ಗದಲ್ಲಿ. ಅವಳನ್ನು ಕೊಂದ ತೀರ್ಪು ಚರ್ಚಿನ ನ್ಯಾಯಾಲಯದ್ದೇ ಆಗಿತ್ತು. ನಂಬಿಕೆಯ ವೈರಿಗಳು ಕೊಂದರು ಎನ್ನುವಂತಿರಲಿಲ್ಲ. ವಿಶ್ವಾಸಿಯಾಗಿ ನನಗೆ ಇದನ್ನು ಹೇಳಲು ಸಂಕೋಚವಿಲ್ಲ. ತಪ್ಪನ್ನು ತಿದ್ದಿಕೊಂಡದ್ದಕ್ಕೆ ನಾನು ಕೃತಜ್ಞ.

ಧರ್ಮದ ಸಂಬಂಧವೇ ಬೇಡವೆಂದ ಫ್ರೆಂಚ್ ಗಣರಾಜ್ಯವೂ ಅದೇ 1920ರಲ್ಲಿ ಮೇ ತಿಂಗಳ ಎರಡನೆಯ ಭಾನುವಾರವನ್ನು ಅವಳ ಹೆಸರಿನ ರಾಷ್ಟ್ರೀಯ ಹಬ್ಬವಾಗಿ ಘೋಷಿಸಿತು. ಎಡಪಂಥದವರು, ಬಲಪಂಥದವರು, ರಾಜನನ್ನು ಬಯಸಿದವರು, ರಾಜನೇ ಬೇಡವೆಂದವರು, ಎರಡನೆಯ ಮಹಾಯುದ್ಧದಲ್ಲಿ ಜರ್ಮನರೊಂದಿಗೆ ಕೈಜೋಡಿಸಿದ ಫ್ರಾನ್ಸಿನ ವಿಶಿ ಸರಕಾರ, ಅದರ ವಿರುದ್ಧ ಹೋರಾಡಿದವರು, ಎಲ್ಲರೂ ಅವಳನ್ನು ತಮ್ಮವಳೆಂದು ಎಳೆದಾಡಿದರು.

ಬೂದಿಯನ್ನೂ ಬಿಡಬಾರದೆಂದು ನದಿಗೆ ಚೆಲ್ಲಿದರಲ್ಲ, ಅದಕ್ಕೊಂದು ಮುಂದುವರಿಕೆ ಇದೆ. 1867ರಲ್ಲಿ ಪ್ಯಾರಿಸ್‌ನ ಔಷಧಿ ಅಂಗಡಿಯೊಂದರ ಅಟ್ಟದಲ್ಲಿ ‘ಜೋನ್‌ಳ ಚಿತೆಯಲ್ಲಿ ಸಿಕ್ಕ ಅವಶೇಷ’ ಎಂಬ ಚೀಟಿ ಇದ್ದ ಜಾಡಿ ಸಿಕ್ಕಿತು. 2007ರಲ್ಲಿ ವಿಜ್ಞಾನಿಗಳು ಪರೀಕ್ಷೆ ಮುಗಿಸಿ, ಅದು ಈಜಿಪ್ಟಿನ ಮಮ್ಮಿಯ ಪಕ್ಕೆಲುಬು ಮತ್ತು ಬೆಕ್ಕಿನ ಮೂಳೆ ಎಂದು ತಿಳಿಸಿದರು. ಮುಟ್ಟಿ ನಮಸ್ಕರಿಸಲು ಅವಳದೆಂಬ ಒಂದು ಎಲುಬೂ ಇಲ್ಲ.

ಕೊಡಗಿನ ನಮ್ಮ ಮನೆಗಳಲ್ಲಿ ಫೋಟೋ ಇರುವ ಲಿಸಿಯೋದ ಸಂತ ತೆರೇಸಾ, ಮಠದಲ್ಲಿ ಜೋನ್ ಬಗ್ಗೆ ಎರಡು ನಾಟಕ ಬರೆದು ತಾವೇ ಜೋನ್ ಪಾತ್ರ ಮಾಡಿದ್ದರು. ಆಗಿನ್ನೂ ಜೋನ್ ಸಂತಳಾಗಿರಲಿಲ್ಲ. ಜೋನ್‌ಗೆ ಶಿಕ್ಷೆ ವಿಧಿಸಿದ ಕೋಶೋನ್ ಮುಂದೆ ಬಿಷಪ್ ಆಗಿದ್ದು, 1442ರಲ್ಲಿ ಸತ್ತ ಮೇಲೆ ಅವನನ್ನು ಹೂಳಿದ್ದು ಅದೇ ಲಿಸಿಯೋದಲ್ಲಿ.

ಪ್ರಶ್ನೆ ಕೇಳಿದವರಿಂದ: ಕಾಫಿತೋಟದ ತಾಯಿ, ಸಿದ್ದಾಪುರ

ಎಲ್ಲರಿಗೂ ಮನಸಾರೆ ಧನ್ಯವಾದ. ಇವತ್ತು ಕಾಫಿ ಒಣಹಾಕುವ ಕಣದಲ್ಲೇ ಕುಳಿತು ಮಗಳು ಎಲ್ಲವನ್ನೂ ಓದಿದಳು. ತಾಯಿಯ ವಿಷಯ ಓದುವಾಗ ನನಗೆ ಗಂಟಲು ಕಟ್ಟಿತು. ಮಗಳು ಸತ್ತು ಇಪ್ಪತ್ತನಾಲ್ಕು ವರ್ಷಗಳ ಮೇಲೆ ಅಷ್ಟು ದೂರ ಹೋಗಿ ನಿಲ್ಲಬೇಕೆಂದರೆ ಆ ಹೆಣ್ಣಿನ ಎದೆ ಎಂಥದ್ದಿರಬೇಕು!

ಟೀಚರ್, ಇಷ್ಟೆಲ್ಲ ಏಳು ನಿಮಿಷದಲ್ಲಿ ಹೇಳಲಾಗದು. ಯಾವುದನ್ನು ಬಿಡಲಿ ಎಂದು ಕೇಳುತ್ತಿದ್ದಾಳೆ. ಗೋಡೆಯ ಮೇಲೆ ತೋರಿಸಲು ಒಂದು ಚಿತ್ರಕ್ಕೂ ಅವಕಾಶ ಕೊಟ್ಟಿದ್ದಾರಂತೆ. ಕುದುರೆಯ ಮೇಲೆ ರಕ್ಷಾಕವಚ ತೊಟ್ಟ ಬಣ್ಣದ ಚಿತ್ರ ಹಾಕಬಹುದೇ?

ಉತ್ತರ: ನಿವೃತ್ತ ಇತಿಹಾಸ ಅಧ್ಯಾಪಕಿ, ವಿರಾಜಪೇಟೆ

ಮಗಳಿಗೆ ನನ್ನ ಆಶೀರ್ವಾದ ತಿಳಿಸಿ. ಫೆಬ್ರವರಿ 24ರ ಪ್ರಶ್ನೆಯಿಂದಲೇ ಆರಂಭಿಸಲಿ. ಹುಟ್ಟಿದ್ದು ಎಲ್ಲಿ, ತಂದೆ ಯಾರು ಎಂದು ಶುರು ಮಾಡಿದರೆ ಸಭೆ ಮೊದಲ ನಿಮಿಷದಲ್ಲೇ ಕೈಬಿಟ್ಟುಹೋಗುತ್ತದೆ. ಪ್ರಶ್ನೆ ಓದಿ ಎರಡು ಉಸಿರು ಸುಮ್ಮನಿದ್ದು, ಆಮೇಲೆ ಉತ್ತರ ಹೇಳಲಿ. ಅಲ್ಲಿಂದ ಹಿಂದಕ್ಕೆ ಓರ್ಲಿಯಾನ್‌ಗೆ ಹೋಗಿ, ಸುಬೇದಾರರು ಕೊಟ್ಟ ದ್ಯುನ್ವಾನ ಲೆಕ್ಕವನ್ನು ತಪ್ಪದೆ ಹೇಳಲಿ. ನಂತರ ತಾಯಿ. ಮಡಿಕೇರಿಯವರು ಬರೆದದ್ದರಲ್ಲಿ 489 ವರ್ಷದ ಮಾತು ಸಾಕು. ಜಾಡಿಯ ಬೆಕ್ಕಿನ ಮೂಳೆ ಹೇಳಿದರೆ ಸಭೆ ನಗುತ್ತದೆ, ಮತ್ತೆ ಹಿಡಿಯುವುದು ಕಷ್ಟ, ಅದನ್ನು ಬಿಡಲಿ. ಶಿನೋನ್ ಅರಮನೆಯಲ್ಲಿ ಗುಂಪಿನ ನಡುವೆ ಅಡಗಿದ್ದ ರಾಜಕುಮಾರ ಚಾರ್ಲ್ಸ್‌ನನ್ನು ಅವಳು ಗುರುತಿಸಿದ ಕಥೆ ಎಲ್ಲರೂ ಹೇಳುತ್ತಾರೆ, ಅದನ್ನೂ ಬಿಡಲಿ.

‘ಮಾಟಗಾತಿ ಎಂದು ಸುಟ್ಟರು’ ಎಂದು ಹೇಳಬಾರದು. ಉತ್ತರಪತ್ರಿಕೆಗಳಲ್ಲಿ ನಾನು ಕೆಂಪು ಶಾಯಿಯಲ್ಲಿ ತಿದ್ದುತ್ತಾ ಬಂದ ಸಾಲು ಅದು. ತೀರ್ಪಿನಲ್ಲಿರುವುದು ಮತ್ತೆ ಧರ್ಮದ್ರೋಹಕ್ಕೆ ಮರಳಿದವಳು ಎಂದು. ಆ ‘ಮತ್ತೆ’ ಎಂಬುದರಲ್ಲೇ ಮೇ 28ರ ಉತ್ತರ ಇದೆ.

ಚಿತ್ರದ ವಿಷಯ. ಕುದುರೆಯ ಬಣ್ಣದ ಚಿತ್ರಗಳೆಲ್ಲ ಅವಳು ಸತ್ತ ಎಷ್ಟೋ ಕಾಲದ ನಂತರದವು. ಅವಳು ಬದುಕಿದ್ದಾಗ ಬರೆದದ್ದರಲ್ಲಿ ಉಳಿದಿರುವುದು ಒಂದೇ. 1429ರ ಮೇ 10ರಂದು ಓರ್ಲಿಯಾನ್‌ನ ಸುದ್ದಿ ಪ್ಯಾರಿಸ್ ತಲುಪಿದಾಗ, ಅಲ್ಲಿನ ಉಚ್ಚ ನ್ಯಾಯಾಲಯದ ಗುಮಾಸ್ತ ಕ್ಲೆಮಾನ್ ದ ಫೋಕಾಂಬೆರ್ಗ್ ತನ್ನ ದಿನದ ಕಡತದ ಅಂಚಿನಲ್ಲಿ ಪೆನ್ನಿನಿಂದ ಒಂದು ಹುಡುಗಿಯನ್ನು ಗೀಚಿದ್ದಾನೆ: ಪಕ್ಕಕ್ಕೆ ತಿರುಗಿದ ಮುಖ, ಉದ್ದ ಕೂದಲು, ಹೆಂಗಸರ ಉಡುಗೆ, ಒಂದು ಕೈ ಕತ್ತಿಯ ಹಿಡಿಯ ಮೇಲೆ, ಇನ್ನೊಂದರಲ್ಲಿ ಬಾವುಟ. ಅವನು ಅವಳನ್ನು ಕಣ್ಣಾರೆ ಕಂಡವನಲ್ಲ. ಅವಳು ಕೂದಲನ್ನು ಗಂಡಸರಂತೆ ಕತ್ತರಿಸಿಕೊಂಡಿದ್ದಳು, ಗಂಡುಡುಗೆ ತೊಟ್ಟಿದ್ದಳು; ಗುಮಾಸ್ತನಿಗೆ ಅದು ತಿಳಿದಿರಲಿಲ್ಲ. ಆ ಗೀಚು ಚಿತ್ರವನ್ನೇ ತೋರಿಸಲಿ, ಕೇಳಿ ಬರೆದದ್ದು ಎಂಬುದನ್ನೂ ಹೇಳಲಿ.

ತಾರೀಖುಗಳನ್ನು ಒಂದು ಚೀಟಿಯಲ್ಲಿ ಬರೆದು ಕೈಯಲ್ಲಿಟ್ಟುಕೊಳ್ಳಲಿ; ಉತ್ತರಗಳನ್ನು ಮಾತ್ರ ಬಾಯಿಪಾಠ ಮಾಡಲಿ. ಸ್ಪರ್ಧೆಗೆ ಮೊದಲು ಒಮ್ಮೆ ಫೋನಿನಲ್ಲಿ ಭಾಷಣ ಒಪ್ಪಿಸುವಂತಿದ್ದರೆ ಇಲ್ಲೇ ತಿಳಿಸಿ, ಸಂಜೆಯ ಹೊತ್ತು ನಾನು ಮನೆಯಲ್ಲೇ ಇರುತ್ತೇನೆ.